ಶಸ್ತ್ರವೈದ್ಯರ ಉಸ್ತಾದ್: ಅಬುಲ್ ಕಾಸಿಮ್ ಅಲ್ ಝಹ್ರಾವಿ



ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಯ ನಮ್ಮ ಮನೆಗಳಲ್ಲಿ ಹುಬ್ಬಳ್ಳಿಯ ದೊಡ್ಡ ದವಾಖಾನೆಯ ಮೆಟ್ಟಿಲು ಹತ್ತದವರು ಕಡಿಮೆ. 1957ರಲ್ಲಿ ಆರಂಭವಾದ ಕರ್ನಾಟಕ ಮೆಡಿಕಲ್ ಕಾಲೇಜಿನ ಆ ಆಸ್ಪತ್ರೆಯನ್ನು ಜನ ಇಂದಿಗೂ ಕಿಮ್ಸ್ ಎಂದೇ ಕರೆಯುತ್ತಾರೆ. ಇಂಥ ಯಾವುದೇ ಬೋಧನಾ ಆಸ್ಪತ್ರೆಯಲ್ಲಿ ರೋಗಿಯ ಪಕ್ಕದಲ್ಲಿ ಒಂದು ರಾತ್ರಿ ಕಳೆದವರು ಬೆಳಗಿನ ರೌಂಡ್ಸ್ ನೋಡಿಯೇ ಇರುತ್ತೀರಿ. ಮುಂದೆ ಹಿರಿಯ ಸರ್ಜನ್, ಹಿಂದೆ ಕೇಸ್ ಶೀಟ್ ಹಿಡಿದ ಯುವ ವೈದ್ಯರು. ಹಿರಿಯರು ಪ್ರಶ್ನೆ ಕೇಳುತ್ತಾರೆ, ಕಿರಿಯರು ಉತ್ತರಿಸುತ್ತಾರೆ, ತಪ್ಪಿದ್ದರೆ ಅಲ್ಲಿಯೇ ತಿದ್ದಿಸಿಕೊಳ್ಳುತ್ತಾರೆ. ಇವರೇ ರೆಸಿಡೆಂಟ್ ವೈದ್ಯರು. ಜನರ ಬಾಯಲ್ಲಿ ಪಿ.ಜಿ. ಡಾಕ್ಟರು.

ಇಷ್ಟು ಚಿಕ್ಕ ವಯಸ್ಸಿನವರ ಕೈಗೆ ನಮ್ಮವರನ್ನು ಒಪ್ಪಿಸುವುದು ಹೇಗೆ ಎಂಬ ಅಳುಕು ನಿಮಗೂ ಆಗಿರಬಹುದು. ಆದರೆ ಹೀಗೆ ಹಿರಿಯರ ಕಣ್ಣೆದುರು ಕಲಿಯುವ ಏರ್ಪಾಡು ಇಲ್ಲದಿದ್ದರೆ ಏನಾಗುತ್ತದೆ? ಇದನ್ನು ಸಾವಿರ ವರ್ಷಗಳ ಹಿಂದೆಯೇ ಕಣ್ಣಾರೆ ಕಂಡು, ನೊಂದು, ಬರೆದಿಟ್ಟ ವೈದ್ಯರೊಬ್ಬರಿದ್ದರು. ಅವರೇ ಅಬುಲ್ ಕಾಸಿಮ್ ಖಲಫ್ ಇಬ್ನ್ ಅಬ್ಬಾಸ್ ಅಲ್ ಝಹ್ರಾವಿ. ಯುರೋಪಿನವರು ಅವರನ್ನು ಅಬುಲ್ಕಾಸಿಸ್ ಎಂದು ಕರೆದರು.

ಅಲ್ ಝಹ್ರಾವಿ ಹುಟ್ಟಿದ್ದು ಇಂದಿನ ಸ್ಪೇನ್ ದೇಶದಲ್ಲಿ, ಸುಮಾರು ಕ್ರಿ.ಶ. 936ರಲ್ಲಿ. ಆಗ ಆ ನಾಡಿಗೆ ಅಂದಲುಸ್ ಎಂದು ಹೆಸರು, ಕುರ್ತುಬಾ ಅದರ ರಾಜಧಾನಿ. ಖಲೀಫ ಮೂರನೆಯ ಅಬ್ದುರ್ರಹ್ಮಾನರು ಕುರ್ತುಬಾದ ಹೊರವಲಯದಲ್ಲಿ ಮದೀನತುಝ್ಝಹ್ರಾ ಎಂಬ ಹೊಸ ನಗರವನ್ನು ಕಟ್ಟಿಸಲು ತೊಡಗಿದ್ದು ಅದೇ ಕಾಲದಲ್ಲಿ. ಆ ಊರಿನವರಾದ್ದರಿಂದಲೇ ಇವರಿಗೆ ಝಹ್ರಾವಿ ಎಂಬ ಹೆಸರು. ಇವರ ವಂಶವನ್ನು ಮದೀನಾದ ಅನ್ಸಾರರವರೆಗೆ ಹೇಳಲಾಗುತ್ತದೆ. ಮಸೀದಿಗಳು, ಗ್ರಂಥಾಲಯಗಳು, ವಿದ್ವಾಂಸರಿಂದ ಕುರ್ತುಬಾ ತುಂಬಿದ್ದ ಕಾಲವದು.

ಇವರ ಮನೆ, ಮಕ್ಕಳು, ದಿನಚರಿಯ ಬಗೆಗೆ ಚರಿತ್ರೆಕಾರರು ಬರೆದಿಟ್ಟದ್ದು ಬಹಳ ಕಡಿಮೆ. ಅವರನ್ನು ನಾವು ಬಲ್ಲದ್ದು ಅವರ ಗ್ರಂಥದ ಮೂಲಕ. ಸುಮಾರು 50 ವರ್ಷ ರೋಗಿಗಳ ಸೇವೆ ಮಾಡಿ, ಕ್ರಿ.ಶ. 1000ದ ಹೊತ್ತಿಗೆ ಅವರು ಅತ್ತಸ್ರೀಫ್ ಎಂಬ 30 ಭಾಗಗಳ ವೈದ್ಯಕೀಯ ಗ್ರಂಥವನ್ನು ಪೂರ್ಣಗೊಳಿಸಿದರು. ರೋಗಲಕ್ಷಣ, ಔಷಧ, ಪಥ್ಯ ಎಲ್ಲವೂ ಅದರಲ್ಲಿವೆ. ಅವರಿಗೆ ಅಮರ ಕೀರ್ತಿ ತಂದದ್ದು ಮಾತ್ರ ಕೊನೆಯ, ಅಂದರೆ 30ನೆಯ ಭಾಗ. ಅದು ಪೂರ್ತಿಯಾಗಿ ಶಸ್ತ್ರಚಿಕಿತ್ಸೆಗೆ ಮೀಸಲು.

ಶಸ್ತ್ರಚಿಕಿತ್ಸೆಯನ್ನು ಕೊನೆಗೆ ಇಟ್ಟದ್ದಕ್ಕೂ ಅರ್ಥವಿದೆ. ಉಳಿದೆಲ್ಲ ವೈದ್ಯವಿದ್ಯೆ ಅರಿತ ಮೇಲೆಯೇ ಕತ್ತಿ ಹಿಡಿಯಬೇಕೆಂಬುದು ಅವರ ನಿಲುವು. ತಮ್ಮ ನಾಡಿನಲ್ಲಿ ಶಸ್ತ್ರವಿದ್ಯೆ ಬಲ್ಲವರು ಇಲ್ಲವೇ ಇಲ್ಲ ಎನ್ನುವಷ್ಟು ವಿರಳವಾಗಿದ್ದಾರೆ ಎಂದು ಅವರು ಮೊದಲಲ್ಲೇ ವ್ಯಥೆಪಡುತ್ತಾರೆ. ಶರೀರರಚನೆ ಅರಿಯದವನು, ಎಲುಬು, ನರ, ರಕ್ತನಾಳಗಳು ಎಲ್ಲೆಲ್ಲಿ ಹಾದುಹೋಗುತ್ತವೆ ಎಂದು ತಿಳಿಯದವನು ಕತ್ತಿ ಹಿಡಿದರೆ ಅದು ಕೊಲೆಗೆ ಸಮಾನ ಎಂಬುದು ಅವರ ಎಚ್ಚರಿಕೆ.

ಇದು ಬರೀ ಉಪದೇಶವಲ್ಲ, ಕಂಡದ್ದನ್ನೇ ಅವರು ದಾಖಲಿಸಿದ್ದಾರೆ. ಒಬ್ಬ ವೈದ್ಯ ಹೆಂಗಸೊಬ್ಬಳ ಕೊರಳಿನ ಗಡ್ಡೆಯನ್ನು ಕೊಯ್ಯಲು ಹೋಗಿ ರಕ್ತನಾಳಗಳನ್ನೇ ಕತ್ತರಿಸಿದ. ರಕ್ತ ನಿಲ್ಲಲಿಲ್ಲ, ಆಕೆ ಅವನೆದುರಿಗೇ ಪ್ರಾಣಬಿಟ್ಟಳು. ಇನ್ನೊಬ್ಬ, ವೃದ್ಧನೊಬ್ಬನ ಮೂತ್ರಕೋಶದ ದೊಡ್ಡ ಹರಳನ್ನು ತೆಗೆಯುವಾಗ ಮೂತ್ರಕೋಶದ ತುಣುಕನ್ನೂ ಕಿತ್ತುಬಿಟ್ಟ. ಮೂರು ದಿನಗಳಲ್ಲಿ ಆ ವೃದ್ಧ ತೀರಿಕೊಂಡ. ಈ ರೋಗಿಗಾಗಿ ಮೊದಲು ಕರೆಬಂದದ್ದು ಅಲ್ ಝಹ್ರಾವಿಯವರಿಗೇ. ಹರಳಿನ ಗಾತ್ರವನ್ನೂ ರೋಗಿಯ ಸ್ಥಿತಿಯನ್ನೂ ನೋಡಿ, ಆತ ಬದುಕಲಾರನೆಂದು ತಿಳಿದಿದ್ದರು. ಮತ್ತೊಬ್ಬ ವೈದ್ಯ ಗಾಯದೊಡನೆ ಮುರಿದ ಕಾಲಿಗೆ ಗಾಳಿಯೂ ಆಡದಂತೆ ಬಿಗಿಯಾಗಿ ಪಟ್ಟಿ ಕಟ್ಟಿ ದಿನಗಟ್ಟಲೆ ಹಾಗೆಯೇ ಬಿಟ್ಟ. ಅಲ್ ಝಹ್ರಾವಿ ಬಂದು ಪಟ್ಟಿ ಬಿಚ್ಚಿದಾಗ ನೋವು ಇಳಿಯಿತು. ಆದರೆ ಕಾಲು ಆಗಲೇ ಕೊಳೆಯತೊಡಗಿತ್ತು, ಆ ರೋಗಿಯೂ ಉಳಿಯಲಿಲ್ಲ.

ಈ ಸಾವುಗಳೇ ಅವರಿಂದ ಆ ಗ್ರಂಥವನ್ನು ಬರೆಸಿದವು ಎನ್ನಬಹುದು. ಅದರಲ್ಲಿ ಅವರು ಶಿಷ್ಯರನ್ನು ಮಕ್ಕಳೇ ಎಂದು ಸಂಬೋಧಿಸುತ್ತಾರೆ. ಯಾವ ಚಿಕಿತ್ಸೆ ಕ್ಷೇಮಕರ, ಯಾವುದು ಅಪಾಯಕಾರಿ ಎಂದು ಬೇರೆ ಬೇರೆ ಮಾಡಿ ತೋರಿಸುತ್ತಾರೆ. ಹಣದಾಸೆಗೆ ಗುಣವಾಗದ ಕಾಯಿಲೆಗೆ ಕೈಹಾಕಬೇಡಿ, ಆಸೆಗಿಂತ ಎಚ್ಚರ ದೊಡ್ಡದಾಗಿರಲಿ ಎಂದು ತಿಳಿಹೇಳುತ್ತಾರೆ.

ಆ ಭಾಗದಲ್ಲಿ ಮೂರು ವಿಭಾಗಗಳಿವೆ. ಮೊದಲನೆಯದು ಕಾಯಿಸಿದ ಕಬ್ಬಿಣದಿಂದ ಸುಡುವ ಚಿಕಿತ್ಸೆ, ನಮ್ಮ ಹಳ್ಳಿಗಳ ಮಾತಿನಲ್ಲಿ ಬರೆ ಹಾಕುವುದು. ಎರಡನೆಯದು ಕೊಯ್ಯುವುದು, ಹೊಲಿಯುವುದು, ಗಾಯಗಳ ಆರೈಕೆ. ಮೂರನೆಯದು ಮುರಿದ ಎಲುಬು, ತಪ್ಪಿದ ಕೀಲು ಕೂಡಿಸುವುದು. ಸುಮಾರು 200 ಉಪಕರಣಗಳ ಚಿತ್ರಗಳನ್ನೂ ಕೊಟ್ಟಿದ್ದಾರೆ. ಗುರು ಹತ್ತಿರವಿಲ್ಲದ ವಿದ್ಯಾರ್ಥಿಯೂ ಆ ಚಿತ್ರ ನೋಡಿ ಕಮ್ಮಾರನಿಂದ ಉಪಕರಣ ಮಾಡಿಸಿಕೊಳ್ಳಬಹುದಿತ್ತು.

ಇಂದು ದೊಡ್ಡ ಆಸ್ಪತ್ರೆಯ ಬೋರ್ಡಿನಲ್ಲಿ ಸರ್ಜರಿಯ ಎಷ್ಟೊಂದು ವಿಭಾಗಗಳ ಹೆಸರಿರುತ್ತವೆ! ಅವುಗಳಲ್ಲಿ ಹಲವಕ್ಕೆ ಸೇರಿದ ಕೆಲಸ ಈ ಒಂದೇ ಗ್ರಂಥದಲ್ಲಿದೆ. ನಾಲಿಗೆಯನ್ನು ಅದುಮಿ ಹಿಡಿದು, ಊದಿದ ಟಾನ್ಸಿಲ್‌ಗಳನ್ನು ಕೊಕ್ಕೆಯಿಂದ ಎಳೆದು ಕತ್ತರಿಸುವುದು ಇಂದಿನ ಕಿವಿ-ಮೂಗು-ಗಂಟಲು ವಿಭಾಗದ ಕೆಲಸ. ಅಲುಗಾಡುವ ಹಲ್ಲುಗಳನ್ನು ಚಿನ್ನದ ತಂತಿಯಿಂದ ಬಿಗಿಯುವುದು, ಬಿದ್ದ ಹಲ್ಲಿನ ಜಾಗಕ್ಕೆ ದನದ ಎಲುಬಿನಿಂದ ಹಲ್ಲು ಕೆತ್ತಿ ಕೂಡಿಸುವುದು ದಂತ ವಿಭಾಗದ್ದು. ಮೂತ್ರನಾಳದಲ್ಲಿ ಸಿಕ್ಕಿಕೊಂಡ ಹರಳನ್ನು ಸೂಕ್ಷ್ಮ ಬೈರಿಗೆಯಿಂದ ಪುಡಿಮಾಡುವುದು ಯುರಾಲಜಿಗೆ ಸೇರಿದ್ದು. ಕಣ್ಣಿನ ಪೊರೆ, ತಲೆಬುರುಡೆಯ ಮುರಿತ, ಕಷ್ಟದ ಹೆರಿಗೆ, ತಪ್ಪಿದ ಭುಜದ ಕೀಲು, ರಕ್ತನಾಳವನ್ನು ದಾರದಿಂದ ಕಟ್ಟಿ ರಕ್ತ ನಿಲ್ಲಿಸುವುದು, ಪ್ರಾಣಿಯ ಕರುಳಿನಿಂದ ಹೊಸೆದ ದಾರದಲ್ಲಿ ಕರುಳು ಹೊಲಿಯುವುದು, ಹೀಗೆ ಪಟ್ಟಿ ಬೆಳೆಯುತ್ತದೆ.

ಕಲಿಯುವವರು ಗಮನಿಸಬೇಕಾದ ಒಂದು ಪ್ರಸಂಗವಿದೆ. ದಾಸಿಯೊಬ್ಬಳು ಚಾಕುವಿನಿಂದ ತನ್ನ ಗಂಟಲನ್ನೇ ಕೊಯ್ದುಕೊಂಡಳು. ಅಲ್ ಝಹ್ರಾವಿ ಹೋಗಿ ನೋಡಿದಾಗ ಗಾಯದಿಂದ ಉಸಿರು ಹೊರಬರುತ್ತಿತ್ತು, ಆದರೆ ದೊಡ್ಡ ರಕ್ತನಾಳ ಕಡಿದಿರಲಿಲ್ಲ. ಗಾಯ ಹೊಲಿದು ಆರೈಕೆ ಮಾಡಿದರು. ಅವಳು ಬದುಕಿದಳು, ಧ್ವನಿ ಮಾತ್ರ ಗೊಗ್ಗರಾಯಿತು. ಉಸಿರುಗಟ್ಟಿದ ರೋಗಿಯ ಶ್ವಾಸನಾಳವನ್ನು ಹೊರಗಿನಿಂದ ತೆರೆಯುವುದು ತಿಳಿದಷ್ಟು ಅಪಾಯದ್ದಲ್ಲ ಎಂಬ ತೀರ್ಮಾನಕ್ಕೆ ಅವರು ಇದರಿಂದಲೇ ಬಂದರು. ರೋಗಿಯನ್ನು ಉಳಿಸಿದರು, ಆ ರೋಗಿಯಿಂದ ತಾವೂ ಕಲಿತರು.

ನಮ್ಮ ಮನೆಗಳಿಗೆ ಹತ್ತಿರವಾದ ಇನ್ನೊಂದು ವಿಷಯ ಖತ್ನಾ. ಗ್ರೀಕ್ ವೈದ್ಯರ ಗ್ರಂಥಗಳು ಅವರಿಗೆ ಇದರಲ್ಲಿ ನೆರವಾಗಲಿಲ್ಲ, ಏಕೆಂದರೆ ಆ ಜನರಲ್ಲಿ ಈ ಪದ್ಧತಿಯೇ ಇರಲಿಲ್ಲ. ಹೀಗಾಗಿ ಸ್ವಂತ ಅನುಭವದಿಂದಲೇ ಬರೆದರು. ಬೇರೆ ಬೇರೆ ವಿಧಾನಗಳನ್ನು ತೂಗಿನೋಡಿ, ದಾರದಿಂದ ಕಟ್ಟಿ ಕತ್ತರಿಯಿಂದ ಕತ್ತರಿಸುವ ವಿಧಾನವೇ ಉತ್ತಮವೆಂದರು. ಮಗು ಹೆದರದಂತೆ ಕತ್ತರಿಯನ್ನು ಅದರ ಕಣ್ಣಿಗೆ ಬೀಳಿಸಬಾರದೆಂದೂ ಕಲಿಸಿದರು. ಹಿಂದೆ ನಮ್ಮ ಮೊಹಲ್ಲಾಗಳಲ್ಲಿ ಈ ಕೆಲಸ ಹಜಾಮರದಾಗಿತ್ತು. ಈಗ ಎಷ್ಟೋ ಜನ ಸರ್ಜನ್ ಬಳಿಗೆ ಹೋಗುತ್ತಾರೆ. ಇಷ್ಟು ಚಿಕ್ಕ ಕೆಲಸಕ್ಕೂ ಶಾಸ್ತ್ರ ಬೇಕೆಂದು ಅವರು ಅಂದೇ ತೋರಿಸಿದ್ದರು.

ಹೆಣ್ಣುಮಕ್ಕಳ ಮೂತ್ರಕೋಶದ ಹರಳಿನ ಅಧ್ಯಾಯವನ್ನೂ ಇಲ್ಲಿ ನೆನೆಯಬೇಕು. ಸಂಕೋಚದಿಂದ ಹೆಂಗಸರು ವೈದ್ಯರಿಗೆ ಮೈತೋರಿಸುವುದಿಲ್ಲ, ಶಸ್ತ್ರವಿದ್ಯೆ ಬಲ್ಲ ಹೆಂಗಸರೋ ಸಿಗುವುದಿಲ್ಲ ಎಂಬ ಕಷ್ಟವನ್ನು ಅವರು ಬಿಚ್ಚಿಹೇಳುತ್ತಾರೆ. ನುರಿತ ವೈದ್ಯೆಯನ್ನೋ ಸೂಲಗಿತ್ತಿಯನ್ನೋ ಜೊತೆಗಿಟ್ಟುಕೊಂಡು, ಹಂತಹಂತವಾಗಿ ಹೇಳಿಕೊಡುತ್ತ ಅವಳ ಕೈಯಿಂದಲೇ ಕೆಲಸ ಮಾಡಿಸಬೇಕೆಂಬುದು ಅವರ ಸಲಹೆ. ಸಾವಿರ ವರ್ಷ ಕಳೆದರೂ ನಮ್ಮ ತಾಯಂದಿರು, ಅಕ್ಕತಂಗಿಯರು ಹೇಳಿಕೊಳ್ಳಲಾಗದೆ ನೋವು ನುಂಗುವುದು ನಿಂತಿದೆಯೇ? ಮಗಳ ಓದನ್ನು ಪಿ.ಯು.ಸಿ.ಗೇ ನಿಲ್ಲಿಸಿ, ಮನೆಯ ಹೆಂಗಸರಿಗೆ ಲೇಡಿ ಸರ್ಜನ್ ಬೇಕೆಂದು ಹುಡುಕಿದರೆ ಎಲ್ಲಿಂದ ಬರಬೇಕು?

ಹೊಗಳಿಕೆಯಲ್ಲಿಯೂ ನ್ಯಾಯವಿರಬೇಕು. ಶಸ್ತ್ರಚಿಕಿತ್ಸೆ ಅವರಿಂದಲೇ ಹುಟ್ಟಿದ್ದಲ್ಲ. ನಮ್ಮ ದೇಶದ ಸುಶ್ರುತರು ಅವರಿಗಿಂತ ಬಹಳ ಹಿಂದಿನವರು. ಗ್ರೀಕ್ ವೈದ್ಯರಿಂದ, ವಿಶೇಷವಾಗಿ ಈಜಿನಾದ ಪೌಲ್ ಎಂಬವರಿಂದ, ಅಲ್ ಝಹ್ರಾವಿ ಬಹಳಷ್ಟನ್ನು ಪಡೆದಿದ್ದರು. ಅವರು ಹೇಳಿದ ಸುಡುವ ಚಿಕಿತ್ಸೆಗಳಲ್ಲಿ ಹೆಚ್ಚಿನವನ್ನು ಇಂದು ಯಾರೂ ಮಾಡುವುದಿಲ್ಲ. ಹಿಂದಿನವರಿಂದ ಕಲಿತು, ಕೈಯಿಂದ ಪರೀಕ್ಷಿಸಿ, ಮುಂದಿನವರಿಗೆ ದಾಟಿಸಿದ್ದೇ ಅವರ ಹಿರಿಮೆ.

ಅವರ ಕೊನೆಗಾಲದಲ್ಲಿ ಕುರ್ತುಬಾದ ವೈಭವ ಕುಸಿಯಿತು. 1009ರಲ್ಲಿ ಅಂತಃಕಲಹ ಆರಂಭವಾಗಿ ಮದೀನತುಝ್ಝಹ್ರಾ ಲೂಟಿಯಾಗಿ ಹಾಳುಬಿತ್ತು. ಸುಮಾರು 1013ರಲ್ಲಿ ಅಲ್ ಝಹ್ರಾವಿ ನಿಧನರಾದರು. ನಗರ ಮಣ್ಣಾಯಿತು, ಗ್ರಂಥ ಉಳಿಯಿತು. 12ನೆಯ ಶತಮಾನದಲ್ಲಿ ತೊಲೆಡೊ ನಗರದಲ್ಲಿ ಕ್ರೆಮೊನಾದ ಜೆರಾರ್ಡ್ ಅದರ ಶಸ್ತ್ರಚಿಕಿತ್ಸಾ ಭಾಗವನ್ನು ಲ್ಯಾಟಿನ್ ಭಾಷೆಗೆ ಅನುವಾದಿಸಿದರು. 1497ರಲ್ಲಿ ವೆನಿಸ್‌ನಲ್ಲಿ ಅದು ಅಚ್ಚಾಯಿತು. ಯುರೋಪಿನ ಸರ್ಜನ್‌ಗಳು ಶತಮಾನಗಳ ಕಾಲ ಅದನ್ನು ಓದಿದರು. ಇತ್ತ ತುರ್ಕಿಯ ಅಮಾಸ್ಯಾ ಆಸ್ಪತ್ರೆಯ ವೈದ್ಯ ಶರಫುದ್ದೀನ್ ಸಾಬುಂಜುಓಗ್ಲು, 1465ರಲ್ಲಿ ಬಹುಪಾಲು ಇದನ್ನೇ ಆಧರಿಸಿ ತುರ್ಕಿ ಭಾಷೆಯಲ್ಲಿ ಬಣ್ಣದ ಚಿತ್ರಗಳ ಗ್ರಂಥ ರಚಿಸಿದರು. ಅದರ ಚಿತ್ರಗಳಲ್ಲಿ ಚಿಕಿತ್ಸೆ ಮಾಡುವ ಮಹಿಳೆಯರೂ ಇದ್ದಾರೆ.

ಈಗ ನಮ್ಮ ಊರಿಗೆ ಮರಳೋಣ. ಗ್ಯಾರೇಜಿಗೆ ಸೇರಿದ ಹುಡುಗನಿಗೆ ಉಸ್ತಾದ್ ಮೊದಲ ದಿನವೇ ಎಂಜಿನ್ ಬಿಚ್ಚಲು ಕೊಡುವುದಿಲ್ಲ. ಮೊದಲು ಪಾನಾ ಎತ್ತಿಕೊಡಬೇಕು, ಆಮೇಲೆ ನಟ್ಟು ಬಿಗಿಯಬೇಕು, ವರ್ಷಗಳಾದ ಮೇಲೆ ಎಂಜಿನ್. ಸರ್ಜನ್ ಆಗುವುದೂ ಹೀಗೆಯೇ. ಮೊದಲು ಡ್ರೆಸ್ಸಿಂಗ್, ಆಮೇಲೆ ಹೊಲಿಗೆ, ಆಮೇಲೆ ಹಿರಿಯರಿಗೆ ಸಹಾಯಕನಾಗಿ ಥಿಯೇಟರಿನಲ್ಲಿ ನಿಲ್ಲುವುದು, ಕೊನೆಗೆ ಹಿರಿಯರು ಪಕ್ಕದಲ್ಲಿರುವಾಗ ತಾನೇ ಆಪರೇಷನ್ ಮಾಡುವುದು. ಮಾಡಿದ್ದು, ನೋಡಿದ್ದು ಎಲ್ಲವೂ ಲಾಗ್ ಬುಕ್ಕಿನಲ್ಲಿ ದಾಖಲಾಗಬೇಕು. ಆಸ್ಪತ್ರೆಯಲ್ಲಿಯೇ ಇದ್ದು, ಹಂತಹಂತವಾಗಿ ಹೊಣೆ ಹೊರುವ ಈ ಕ್ರಮಕ್ಕೆ ಇಂದಿನ ರೂಪ ಬಂದದ್ದು ಅಮೆರಿಕದಲ್ಲಿ. 1889ರಲ್ಲಿ ತೆರೆದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ವಿಲಿಯಂ ಹಾಲ್‌ಸ್ಟೆಡ್ ಎಂಬ ಸರ್ಜನ್ ಅದನ್ನು ರೂಢಿಗೆ ತಂದರು. ಅಲ್ ಝಹ್ರಾವಿ ತಮ್ಮ ನಾಡಿನಲ್ಲಿ ಇಲ್ಲವೆಂದು ಕೊರಗಿದ್ದು ಇಂಥ ನುರಿತ ಕೈಗಳಿಗಾಗಿಯೇ.

ವಿದ್ಯಾರ್ಥಿಗಳೇ, ಲೆಕ್ಕ ಹಾಕಿ ನೋಡಿ. ಇಂಟರ್ನ್‌ಶಿಪ್ ಸೇರಿ ಎಂ.ಬಿ.ಬಿ.ಎಸ್.ಗೆ ಐದೂವರೆ ವರ್ಷ, ಎಂ.ಎಸ್.ಗೆ 3 ವರ್ಷ. ಯುರಾಲಜಿ, ನರಶಸ್ತ್ರಚಿಕಿತ್ಸೆ, ಪ್ಲಾಸ್ಟಿಕ್ ಸರ್ಜರಿಯಂಥ ವಿಶೇಷ ವಿಭಾಗ ಬೇಕೆಂದರೆ ಎಂ.ಸಿಎಚ್.ಗೆ ಮತ್ತೆ 3 ವರ್ಷ. ಒಟ್ಟು ಹನ್ನೊಂದೂವರೆ ವರ್ಷ. ಬೇಗ ದುಡಿಮೆಗೆ ಹತ್ತಲಿ ಎಂದು ಕಾಯುವ ಮನೆಗೆ ಇದು ಬಹಳ ದೀರ್ಘ. ಎಷ್ಟೋ ಜಾಣ ಮಕ್ಕಳು ಹಿಂದೆ ಸರಿಯುವುದು ಬುದ್ಧಿ ಸಾಲದೆ ಅಲ್ಲ, ಮನೆಯ ತಾಳ್ಮೆ ಮತ್ತು ಹಣ ಸಾಲದೆ. ಸಂಘದ ಸದಸ್ಯರು ಆಲೋಚಿಸಬೇಕಾದದ್ದು ಇಲ್ಲಿಯೇ. ಸೀಟು ಸಿಕ್ಕ ದಿನ ಶಾಲು ಹೊದಿಸಿ ಸನ್ಮಾನ ಮಾಡುವುದು ಸುಲಭ. ಓದು ಮುಗಿಯುವವರೆಗೆ ಬೆನ್ನಿಗೆ ನಿಲ್ಲುವುದೇ ನಿಜವಾದ ಸಹಾಯ.

ಅವಕಾಶವಂತೂ ಹತ್ತಿರ ಬಂದಿದೆ. 2022ರಲ್ಲಿ ಹಾವೇರಿಯಲ್ಲಿಯೇ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾಯಿತು. ರಾಣೇಬೆನ್ನೂರಿನವರಿಗೆ ದಾವಣಗೆರೆಯೂ ದೂರವಲ್ಲ. 2020ರಲ್ಲಿ ಬಂದ ನಿಯಮದ ಪ್ರಕಾರ, ಸ್ನಾತಕೋತ್ತರ ವೈದ್ಯರು ತರಬೇತಿಯ 3 ತಿಂಗಳನ್ನು ಜಿಲ್ಲಾ ಆಸ್ಪತ್ರೆಯಂಥ ಕಡೆ ಕಳೆಯಬೇಕು. ಮುಂದೊಮ್ಮೆ ಹಾಗೆ ಬಂದ ಯುವ ಸರ್ಜನ್ ಬ್ಯಾಡಗಿಯ ಹಮಾಲಿಯೊಬ್ಬರ ಮಗಳೇ ಆಗಿರಬಾರದೇಕೆ?

ಮುಂದಿನ ಸಲ ಆಸ್ಪತ್ರೆಯ ವಾರ್ಡಿನಲ್ಲಿ ನಿದ್ದೆಗೆಟ್ಟ ಕಣ್ಣಿನ ಪಿ.ಜಿ. ಡಾಕ್ಟರು ನಿಮ್ಮ ರೋಗಿಯ ಪಟ್ಟಿ ಬಿಚ್ಚಿ ನೋಡುವಾಗ, ಬಿಗಿದ ಪಟ್ಟಿಯನ್ನು ಯಾರೂ ಬಿಚ್ಚಿನೋಡದೆ ಕಾಲು ಕೊಳೆತು ತೀರಿಹೋದ ಆ ರೋಗಿಯನ್ನು ನೆನೆಯಿರಿ. ಅವರೊಡನೆ ಎರಡು ಒಳ್ಳೆಯ ಮಾತಾಡಿ, ಅವರ ಕೈಗುಣಕ್ಕಾಗಿ ದುಆ ಮಾಡಿ. ಅಲ್ಲಾಹನು ನಮ್ಮ ಮಕ್ಕಳಿಗೆ ಉಪಯುಕ್ತ ಜ್ಞಾನವನ್ನೂ ಅದನ್ನು ಕಲಿಯುವ ತಾಳ್ಮೆಯನ್ನೂ, ನಮಗೆ ಅವರನ್ನು ಕಾಯುವ ತಾಳ್ಮೆಯನ್ನೂ ದಯಪಾಲಿಸಲಿ. ಆಮೀನ್.