ಚಲನೆಯ ಪಾಠ ಹಾಕಿಕೊಟ್ಟ ಗೆಲಿಲಿಯೋ

ಸುವರ್ಣ ಮಹೋತ್ಸವ ಸಂಚಿಕೆಗೆ ಒಬ್ಬ ಮಹನೀಯರ ಜೀವನ ಪರಿಚಯ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ಈ ಶಾಲೆಯಲ್ಲಿ ಹಲವು ವರ್ಷ ವಿಜ್ಞಾನ ಬೋಧಿಸಿದ ನನಗೆ ಮೊದಲು ನೆನಪಾದವನು ಗೆಲಿಲಿಯೋ. ಒಂಬತ್ತನೇ ತರಗತಿಯ ಚಲನೆಯ ಪಾಠದಲ್ಲಿ ಸೂತ್ರಗಳನ್ನು ತಪ್ಪಿಲ್ಲದೆ ಒಪ್ಪಿಸುವ ಮಕ್ಕಳೂ ಒಂದು ಪ್ರಶ್ನೆಗೆ ಎಡವುತ್ತಿದ್ದರು. ದೊಡ್ಡ ಕಲ್ಲು, ಸಣ್ಣ ಕಲ್ಲು ಎರಡನ್ನೂ ಒಟ್ಟಿಗೆ ಬಿಟ್ಟರೆ ಯಾವುದು ಮೊದಲು ನೆಲ ಮುಟ್ಟುತ್ತದೆ ಎಂದರೆ, ದೊಡ್ಡದೇ ಎಂದು ಇಡೀ ತರಗತಿ ಕೂಗುತ್ತಿತ್ತು. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಅರಿಸ್ಟಾಟಲನನ್ನು ನಂಬಿದ ದೊಡ್ಡ ದೊಡ್ಡ ವಿದ್ವಾಂಸರೂ ಶತಮಾನಗಳ ಕಾಲ ಹಾಗೆಯೇ ತಿಳಿದಿದ್ದರು.

ಗೆಲಿಲಿಯೋ ಹುಟ್ಟಿದ್ದು 1564ರ ಫೆಬ್ರವರಿ 15ರಂದು, ಇಟಲಿಯ ಪೀಸಾ ನಗರದಲ್ಲಿ. ತಂದೆ ವಿನ್ಸೆಂಜೋ ತಂತಿವಾದ್ಯ ನುಡಿಸುವ ಸಂಗೀತಗಾರ. ಗೆಲಿಲಿಯೋ 1581ರಲ್ಲಿ ವೈದ್ಯಕೀಯ ಕಲಿಯಲು ಪೀಸಾ ವಿಶ್ವವಿದ್ಯಾಲಯ ಸೇರಿದ. ಆದರೆ ಮನಸ್ಸು ಗಣಿತದ ಕಡೆಗೆ ಹೊರಳಿತು. 1585ರಲ್ಲಿ ಪದವಿ ಪಡೆಯದೆಯೇ ಹೊರಬಂದ. ನಾಲ್ಕು ವರ್ಷದ ನಂತರ ಅದೇ ವಿಶ್ವವಿದ್ಯಾಲಯದಲ್ಲಿ ಗಣಿತದ ಅಧ್ಯಾಪಕನಾದ. 1592ರಿಂದ ಹದಿನೆಂಟು ವರ್ಷ ಪಡುವಾದಲ್ಲಿ ಪಾಠ ಹೇಳಿದ.

ಪೀಸಾದ ವಾಲುಗೋಪುರದಿಂದ ಅವನು ಗುಂಡುಗಳನ್ನು ಬಿಟ್ಟ ಕಥೆ ಎಲ್ಲರಿಗೂ ಗೊತ್ತು. ಅದು ಶಿಷ್ಯ ವಿವಿಯಾನಿ ಮುಂದೆ ಬರೆದದ್ದು. ನಿಜವಾಗಿ ನಡೆಯಿತೇ ಎಂಬ ಬಗ್ಗೆ ಇತಿಹಾಸಕಾರರಿಗೆ ಅನುಮಾನವಿದೆ. ನನಗೆ ಹೆಚ್ಚು ಇಷ್ಟವಾದದ್ದು ಅವನ ಇಳಿಜಾರಿನ ಪ್ರಯೋಗ. ಕೈಬಿಟ್ಟ ಕಲ್ಲು ಕಣ್ಣು ಮಿಟುಕಿಸುವುದರೊಳಗೆ ನೆಲ ಸೇರುತ್ತದೆ. ಅಷ್ಟು ಸಣ್ಣ ಕಾಲವನ್ನು ಅಳೆಯುವ ಗಡಿಯಾರ ಆಗ ಇರಲಿಲ್ಲ. ಅದಕ್ಕೆ ಅವನು ಬೀಳುವುದನ್ನೇ ನಿಧಾನ ಮಾಡಿದ. ಅವನ ನಾಡಿನ ಅಳತೆಯಲ್ಲಿ ಹನ್ನೆರಡು ಮೊಳ ಉದ್ದದ ಮರದ ತೊಲೆಯಲ್ಲಿ ನುಣುಪಾದ ತೋಡು ಕೊರೆಸಿ, ಒಂದು ತುದಿಯನ್ನು ಎತ್ತಿ ಇಟ್ಟು, ಕಂಚಿನ ಗುಂಡನ್ನು ಉರುಳಿಬಿಟ್ಟ. ಪಾತ್ರೆಯಿಂದ ಸಣ್ಣ ಕೊಳವೆಯಲ್ಲಿ ಇಳಿದ ನೀರನ್ನು ತೂಗಿ ಕಾಲ ಅಳೆದ. ಇದನ್ನು ನೂರಾರು ಸಲ ಮಾಡಿದ.

ಮೊದಲ ಕ್ಷಣದಲ್ಲಿ ಗುಂಡು ಒಂದು ಅಳತೆ ಸಾಗಿದರೆ, ಅಷ್ಟೇ ಕಾಲದ ಮುಂದಿನ ಕ್ಷಣಗಳಲ್ಲಿ 3, 5, 7 ಅಳತೆ ಸಾಗುತ್ತದೆ. ಒಟ್ಟು ದೂರ 1, 4, 9, 16 ಆಗುತ್ತದೆ. ಅಂದರೆ ದೂರವು ಕಾಲದ ವರ್ಗದಂತೆ ಬೆಳೆಯುತ್ತದೆ. ವೇಗವು ಸಮಕಾಲದಲ್ಲಿ ಸಮನಾಗಿ ಹೆಚ್ಚುತ್ತದೆ. ಮಕ್ಕಳು ಏಕರೂಪ ವೇಗೋತ್ಕರ್ಷ ಎಂದು ಓದುವುದು ಇದನ್ನೇ. ಗಾಳಿಯ ಅಡ್ಡಿ ಇಲ್ಲದಿದ್ದರೆ ಭಾರದ್ದೂ ಹಗುರದ್ದೂ ಒಂದೇ ರೀತಿ ಬೀಳುತ್ತವೆ ಎಂಬ ತೀರ್ಮಾನಕ್ಕೂ ಅವನು ಬಂದ.

1609ರಲ್ಲಿ ದೂರದರ್ಶಕ ತಯಾರಿಸಿ ಆಕಾಶ ನೋಡತೊಡಗಿದ. ಮರುವರ್ಷ ಗುರುಗ್ರಹದ ನಾಲ್ಕು ಚಂದ್ರರನ್ನು ಕಂಡ. ಭೂಮಿಯೇ ಸೂರ್ಯನನ್ನು ಸುತ್ತುತ್ತದೆಂಬ ಕೊಪರ್ನಿಕಸನ ಮತವನ್ನು ಎತ್ತಿಹಿಡಿದದ್ದಕ್ಕೆ 1633ರಲ್ಲಿ ರೋಮಿನ ಧರ್ಮ ನ್ಯಾಯಾಲಯ ಅವನನ್ನು ಶಿಕ್ಷಿಸಿತು. ಉಳಿದ ಆಯುಷ್ಯವೆಲ್ಲ ಗೃಹಬಂಧನ. ಮರುವರ್ಷವೇ ಅಕ್ಕರೆಯ ಮಗಳು ಮರಿಯಾ ಚೆಲೆಸ್ತೆ ತೀರಿಕೊಂಡಳು. ಬರಬರುತ್ತ ಕಣ್ಣೂ ಹೋಯಿತು.

ಆ ಸ್ಥಿತಿಯಲ್ಲಿ ಅವನು ಹಿಡಿದದ್ದು ಯೌವನದಿಂದ ಬೆನ್ನುಹತ್ತಿದ್ದ ಚಲನೆಯ ವಿಷಯವನ್ನೇ. ಎರಡು ಹೊಸ ವಿಜ್ಞಾನಗಳನ್ನು ಕುರಿತ ಅವನ ಗ್ರಂಥ 1638ರಲ್ಲಿ ಹಾಲೆಂಡಿನ ಲೈಡನ್ನಿನಲ್ಲಿ ಅಚ್ಚಾಯಿತು. ಚಲನೆಯ ಪ್ರಮೇಯಗಳು ಲ್ಯಾಟಿನ್ನಿನಲ್ಲಿದ್ದರೂ, ಮೂವರು ಗೆಳೆಯರ ಮಾತುಕತೆಯನ್ನು ಅವನು ಬರೆದದ್ದು ತನ್ನ ಜನರ ಇಟಾಲಿಯನ್ ನುಡಿಯಲ್ಲಿ. ಕನ್ನಡದಲ್ಲೇ ವಿಜ್ಞಾನ ಕಲಿತ ನಮ್ಮ ಶಾಲೆಯ ಮಕ್ಕಳಿಗೆ ಇದು ಧೈರ್ಯ ಕೊಡುವ ಸಂಗತಿ. 1642ರ ಜನವರಿ 8ರಂದು, 77ರ ವಯಸ್ಸಿನಲ್ಲಿ ಅವನು ಕಣ್ಮುಚ್ಚಿದ.

ಪ್ರಯೋಗಾಲಯ ಚಿಕ್ಕದೆಂದು ಹಳ್ಳಿಶಾಲೆಯವರು ಕೊರಗಬೇಕಾಗಿಲ್ಲ. ಉದ್ದದ ಹಲಗೆ, ಒಂದು ಗೋಲಿ, ಸೀಮೆಸುಣ್ಣ, ಸಮನಾಗಿ ತಾಳ ಹಾಕಲು ಒಬ್ಬ ಗೆಳೆಯ, ಇಷ್ಟಿದ್ದರೆ ಸಾಕು. ಒಂದೊಂದು ತಾಳಕ್ಕೂ ಹಾಕಿದ ಗುರುತುಗಳು ದೂರ ದೂರವಾಗುತ್ತ ಹೋಗುವುದನ್ನು ಕಣ್ಣಾರೆ ಕಂಡ ಮಗು ಆ ಸೂತ್ರವನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಈಗಿನ ವಿದ್ಯಾರ್ಥಿಗಳು ಒಮ್ಮೆ ಮಾಡಿ ನೋಡಲಿ.