ಮಕ್ಕಳ ಕಲಾಶಿಕ್ಷಣದ ಪ್ರತಿಪಾದಕ ನಂದಲಾಲ್ ಬೋಸ್

ಭಾರತ ಸಂವಿಧಾನದ ಮೂಲ ಹಸ್ತಪ್ರತಿಯನ್ನು ಅಲಂಕರಿಸಿದ ಕಲಾವಿದರೆಂದು ನಂದಲಾಲ್ ಬೋಸ್ ನಾಡಿಗೆಲ್ಲ ಪರಿಚಿತರು. ಅಕ್ಷರಾಭ್ಯಾಸದಷ್ಟೇ ಕಲಾಭ್ಯಾಸವೂ ಮಗುವಿಗೆ ಅವಶ್ಯವೆಂದು ವಾದಿಸಿದ ಶಿಕ್ಷಕರೂ ಅವರೇ ಎಂಬುದು ಅನೇಕರಿಗೆ ತಿಳಿಯದು.

ಬಿಹಾರದ ಮುಂಗೇರ್ ಜಿಲ್ಲೆಯ ಖರಗ್‌ಪುರದಲ್ಲಿ 1882ರ ಡಿಸೆಂಬರ್ 3ರಂದು ಜನಿಸಿದ ನಂದಲಾಲರಿಗೆ ಮೊದಲ ಕಲಾಗುರು ತಾಯಿ ಕ್ಷೇತ್ರಮಣಿ ದೇವಿ. ಗೊಂಬೆ, ಆಟಿಕೆಗಳ ತಯಾರಿಕೆಯಲ್ಲಿ ಆಕೆ ಕುಶಲೆ. ಕಾಲೇಜು ವ್ಯಾಸಂಗ ಹಿಡಿಸದ ಯುವಕ 1905ರಲ್ಲಿ ಕಲ್ಕತ್ತೆಯ ಸರಕಾರಿ ಕಲಾಶಾಲೆ ಸೇರಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ಮೈಸೂರು ಸಂಸ್ಥಾನದ ಕೆ. ವೆಂಕಟಪ್ಪ ಅಲ್ಲಿ ಅವರ ಸಹಪಾಠಿ.

1922ರಿಂದ 1951ರವರೆಗೆ ಅವರು ಶಾಂತಿನಿಕೇತನದ ಕಲಾಭವನದ ಮುಖ್ಯಸ್ಥರಾಗಿದ್ದರು. ರವೀಂದ್ರನಾಥ ಠಾಕೂರರು ಮಕ್ಕಳಿಗಾಗಿ ರಚಿಸಿದ ಬಾಲಬೋಧೆ ‘ಸಹಜ ಪಾಠ’ 1930ರಲ್ಲಿ ಪ್ರಕಟವಾದಾಗ ಅದಕ್ಕೆ ಚಿತ್ರಗಳನ್ನಿತ್ತವರು ನಂದಲಾಲರು. ಲಿನೋಲಿಯಂ ಹಾಳೆಯಲ್ಲಿ ಕೊರೆದು ಅಚ್ಚೊತ್ತಿದ ಆ ಕಪ್ಪು-ಬಿಳುಪು ಚಿತ್ರಗಳಲ್ಲಿ ಅನಗತ್ಯ ಗೆರೆಯೊಂದೂ ಇಲ್ಲ. ಬಂಗಾಳದ ಹಲವು ತಲೆಮಾರಿನ ಮಕ್ಕಳು ಅಕ್ಷರದೊಡನೆ ಆಕಾರವನ್ನೂ ಅದರಿಂದಲೇ ಕಲಿತರು.

ಶಿಕ್ಷಣದಲ್ಲಿ ಕಲೆಯ ಸ್ಥಾನವನ್ನು ಕುರಿತ ಅವರ ಪ್ರಬಂಧ ಇಂದಿಗೂ ಪ್ರಸ್ತುತ. ಕಲೆ ವೃತ್ತಿನಿರತರ ಸೊತ್ತು, ಉಳಿದವರಿಗೆ ಅದು ವಿಲಾಸವೆಂಬ ಭಾವನೆಯನ್ನು ಅವರು ಒಪ್ಪಲಿಲ್ಲ. ಮಣ್ಣಿನ ಗುಡಿಸಲನ್ನು ಒಪ್ಪವಾಗಿಟ್ಟುಕೊಳ್ಳುವ ಬಡ ಸಂತಾಲನಿಗೂ ಭವ್ಯ ವಸತಿಗೃಹದ ಕೋಣೆಯನ್ನು ಅಸ್ತವ್ಯಸ್ತವಾಗಿಡುವ ಕಾಲೇಜು ವಿದ್ಯಾರ್ಥಿಗೂ ಇರುವ ಅಂತರವನ್ನು ಅವರು ತೋರಿಸಿದರು. ಸೌಂದರ್ಯಪ್ರಜ್ಞೆಗೆ ಹಣ ಬೇಕಿಲ್ಲ, ಸಂಸ್ಕಾರ ಬೇಕು ಎಂಬುದೇ ಅದರ ತಾತ್ಪರ್ಯ. ಪರೀಕ್ಷೆಯಲ್ಲಿ ಸ್ಥಾನವಿಲ್ಲದ ವಿಷಯಕ್ಕೆ ಶಾಲೆಯಲ್ಲೂ ಸ್ಥಾನ ದೊರೆಯದೆಂಬುದನ್ನು ಅವರು ಬಲ್ಲವರಾಗಿದ್ದರು.

ಅವರು ಸೂಚಿಸಿದ ಪರಿಹಾರಗಳು ಸರಳ: ತರಗತಿಯಲ್ಲೂ ಗ್ರಂಥಾಲಯದಲ್ಲೂ ಉತ್ತಮ ಚಿತ್ರ, ಶಿಲ್ಪಗಳಿರಬೇಕು, ಮಕ್ಕಳಿಗಾಗಿ ಒಳ್ಳೆಯ ಚಿತ್ರಗಳುಳ್ಳ ಪುಸ್ತಕಗಳು ಬರಬೇಕು, ವಿದ್ಯಾರ್ಥಿಗಳನ್ನು ವಸ್ತುಸಂಗ್ರಹಾಲಯಗಳಿಗೆ ಕರೆದೊಯ್ಯಬೇಕು, ಋತುಋತುವಿನ ಉತ್ಸವಗಳ ಮೂಲಕ ಪ್ರಕೃತಿಯ ಒಡನಾಟ ದೊರಕಿಸಬೇಕು, ವರ್ಷಕ್ಕೊಮ್ಮೆ ಕಲೋತ್ಸವ ನಡೆಸಿ, ಪ್ರತಿ ವಿದ್ಯಾರ್ಥಿಯೂ ಸ್ವಂತ ಕೈಯಿಂದ ಮಾಡಿದ ವಸ್ತುವೊಂದನ್ನು, ಅದೆಷ್ಟೇ ಸಾಧಾರಣವಾಗಿರಲಿ, ತಂದೊಪ್ಪಿಸಬೇಕು. ಎಲ್ಲರನ್ನೂ ಕಲಾವಿದರನ್ನಾಗಿಸುವುದು ಅವರ ಗುರಿಯಾಗಿರಲಿಲ್ಲ; ನೋಡಬಲ್ಲ ಕಣ್ಣನ್ನು ಎಲ್ಲರಿಗೂ ಕೊಡುವುದು ಗುರಿಯಾಗಿತ್ತು.

ಈ ವಿಚಾರ ಶಾಂತಿನಿಕೇತನದ ಗಡಿ ದಾಟಿತು. ಶಿಷ್ಯ ದೇವಿಪ್ರಸಾದ್ 1944ರಲ್ಲಿ ಸೇವಾಗ್ರಾಮಕ್ಕೆ ತೆರಳಿ, ಗಾಂಧೀಜಿಯವರ ನಯೀ ತಾಲೀಮ್ ಶಾಲೆಯಲ್ಲಿ ಮಕ್ಕಳಿಗೆ ಕಲೆ ಕಲಿಸಿದರು. ಮುಂದೆ ಆ ಅನುಭವವನ್ನು ಗ್ರಂಥವಾಗಿಸಿದರು.

1954ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗೆ ಪಾತ್ರರಾದ ನಂದಲಾಲರು 1966ರ ಏಪ್ರಿಲ್ 16ರಂದು ನಿಧನರಾದರು. ಚಿತ್ರಕಲೆಯ ಅವಧಿಯನ್ನು ಗಣಿತಕ್ಕೋ ವಿಜ್ಞಾನಕ್ಕೋ ಬಿಟ್ಟುಕೊಡುವ ಶಾಲೆಗಳಿರುವವರೆಗೆ ಅವರ ಆ ಪ್ರಬಂಧಕ್ಕೆ ಓದುಗರು ಬೇಕು.