ಯೊಹಾನ್ ಹೈನ್ರಿಕ್ ವಾನ್ ಥ್ಯೂನೆನ್
ಯೊಹಾನ್ ಹೈನ್ರಿಕ್ ವಾನ್ ಥ್ಯೂನೆನ್ (24 ಜೂನ್ 1783 – 22 ಸೆಪ್ಟೆಂಬರ್ 1850) ಜರ್ಮನಿಯ ಅರ್ಥಶಾಸ್ತ್ರಜ್ಞ ಹಾಗೂ ಜಮೀನುದಾರ. 1810ರಲ್ಲಿ ಮೆಕ್ಲೆನ್‌ಬರ್ಗ್‌ನ ಟೆಲ್ಲೋ ಎಸ್ಟೇಟನ್ನು ಕೊಂಡ ಅವರು ಅಲ್ಲಿನ ಇಳುವರಿ, ಕೂಲಿ, ಸಾಗಣೆಗಳ ಲೆಕ್ಕವನ್ನು ವರ್ಷಗಟ್ಟಲೆ ಬರೆದಿಟ್ಟರು. ಆ ಲೆಕ್ಕಗಳನ್ನು ಆಧರಿಸಿದ ‘ಪ್ರತ್ಯೇಕಿತ ರಾಜ್ಯ’ ಗ್ರಂಥದ ಮೊದಲ ಭಾಗ 1826ರಲ್ಲಿ ಪ್ರಕಟವಾಯಿತು. ಸಮಾನ ಫಲವತ್ತತೆಯ ಬಯಲಿನ ನಡುವೆ ಒಂದೇ ನಗರವಿದ್ದರೆ, ಅದರ ಆಹಾರದ ಬೇಡಿಕೆಯನ್ನು ಯಾವ ಭೂಮಿ ಹೇಗೆ ಪೂರೈಸುತ್ತದೆ ಎಂಬುದೇ ಅದರ ಪ್ರಶ್ನೆ. ಬೇಗ ಕೆಡುವ ಹಾಲು, ತರಕಾರಿಗಳು ನಗರದ ಅಂಚಿನಲ್ಲಿ, ಸಾಗಿಸಲು ಭಾರವಾದ ಸೌದೆ ಅದರಾಚೆ, ಬಳಿಕ ಧಾನ್ಯ, ಮಾರುಕಟ್ಟೆಗೆ ತಾವೇ ನಡೆದುಬರಬಲ್ಲ ಜಾನುವಾರುಗಳು ಕೊನೆಯ ವರ್ತುಲದಲ್ಲಿ. ನ್ಯಾಯವಾದ ಕೂಲಿಯೆಂದರೆ ಕೆಲಸಗಾರನ ಜೀವನಾವಶ್ಯಕತೆ ಹಾಗೂ ಉತ್ಪನ್ನಗಳ ಗುಣಲಬ್ಧದ ವರ್ಗಮೂಲ ಎಂಬ ಅವರ ಸೂತ್ರವನ್ನು ಸಮಾಧಿಯ ಕಲ್ಲಿನಲ್ಲಿ ಕೆತ್ತಲಾಗಿದೆ. ಸೂತ್ರವು ವಿವಾದಾಸ್ಪದವಾಗಿಯೇ ಉಳಿಯಿತು. ಟೆಲ್ಲೋದ ಕೆಲಸಗಾರರಿಗೆ ಮಾತ್ರ ಅವರು ಲಾಭದಲ್ಲಿ ಪಾಲು ಕೊಟ್ಟರು.